ಗುರುತಿಲ್ಲದ ಮಡಕೆಗಳು

ನಮ್ಮ ಊರಿನಲ್ಲಿ ಪಾದ್ರಿಯ ಕೈಗೆ ಕಾಸು ಮುಟ್ಟಿಸುವಂತಿಲ್ಲ. ಇಗರ್ಜಿಯ ಹೊಸ್ತಿಲು ದಾಟಿ ಒಂದು ಬಿಲ್ಲೆಯೂ ಒಳಗೆ ಹೋಗುವಂತಿಲ್ಲ. ಕಾಣಿಕೆ ಡಬ್ಬಿ ಇಲ್ಲ, ಕಾಣಿಕೆ ಚೀಲ ಇಲ್ಲ, ಮದುವೆಗೆ ಇಷ್ಟು, ಮಣ್ಣಿಗೆ ಅಷ್ಟು ಎಂದು ಬರೆದ ಹಲಗೆ ಇಲ್ಲ. ಬೇರೆ ಊರಿನವರು ಬಂದು ಇದನ್ನು ನೋಡಿ ಬೆರಗಾಗುತ್ತಾರೆ. ಆಗ ನಾವು ಕೈಕಟ್ಟಿ, ತಲೆ ತಗ್ಗಿಸಿ, "ನಮ್ಮದೇನಿದೆ, ಎಲ್ಲ ದೇವರದು" ಎನ್ನುತ್ತೇವೆ. ತಲೆ ತಗ್ಗಿಸುವುದು ಮುಖದ ಮೇಲಿನ ಹೆಮ್ಮೆ ಅವರಿಗೆ ಕಾಣಬಾರದೆಂದು.

ಹಿಂದೆ ಹೀಗಿರಲಿಲ್ಲವಂತೆ. ಅಜ್ಜಂದಿರ ಕಾಲದಲ್ಲಿ ಒಬ್ಬ ಪಾದ್ರಿ ಇದ್ದನಂತೆ, ಅವನ ಪ್ರಾರ್ಥನೆಗೆ ದರ ಇತ್ತಂತೆ. ನಿಂತು ಮಾಡಿದರೆ ಒಂದು ದರ, ಮಂಡಿಯೂರಿದರೆ ಇನ್ನೊಂದು, ಕಣ್ಣೀರು ಬಂದರೆ ಅದಕ್ಕೆ ಬೇರೆ. ಒಂದು ದಿನ ಅಜ್ಜಂದಿರು ಅವನನ್ನು ದೋಣಿ ಹತ್ತಿಸಿ ಕಳಿಸಿದರು. ಹೊಳೆ ಕಡಲು ಸೇರುವಲ್ಲಿ ಮರಳಿನ ಮೇಲೆ ಕುಳಿತು ಕಟ್ಟಳೆ ಮಾಡಿದರು: ಕಾಸು ಹೊರಗೆ, ದೇವರು ಒಳಗೆ.

ಆದರೆ ಪಾದ್ರಿಗೂ ಹೊಟ್ಟೆ ಇರುತ್ತದಲ್ಲ. ಇವತ್ತು ಅನ್ನ ಹಾಕಿದವನು ನಾಳೆ ಕಿವಿ ಹಿಡಿಯುತ್ತಾನೆ ಎಂಬುದು ಅಜ್ಜಂದಿರಿಗೆ ಗೊತ್ತಿತ್ತು. ಅದಕ್ಕೇ ಎರಡನೆಯ ಕಟ್ಟಳೆ ಬಂತು: ಪಾದ್ರಿ ಉಣ್ಣುವ ಅನ್ನ ಯಾರ ಮನೆಯದೆಂದು ಪಾದ್ರಿಗೆ ತಿಳಿಯಬಾರದು. ಊರಿನ ಕುಂಬಾರ್ತಿ ಎಲ್ಲ ಮನೆಗೂ ಒಂದೇ ಅಳತೆಯ, ಒಂದೇ ಬಣ್ಣದ, ಒಂದೇ ಬಾಯಿಯ ಮಡಕೆ ಮಾಡಿಕೊಡಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಡೆದು ಹಾಕಬೇಕು. ಕೊಡಲು ಮನಸ್ಸಿದ್ದವರು ಅಡಿಗೆ ತುಂಬಿ, ಬಿಳಿ ಬಟ್ಟೆ ಮುಚ್ಚಿ, ಇಗರ್ಜಿಯ ಹಿಂದಿನ ಕಲ್ಲುಕಟ್ಟೆಯ ಮೇಲೆ ಇಟ್ಟು, ಹಿಂತಿರುಗಿ ನೋಡದೆ ಹೋಗಬೇಕು. ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಪಾದ್ರಿ ಕಣ್ಣು ಮುಚ್ಚಿಕೊಂಡು ಬರುತ್ತಾರೆ. ಕೈಗೆ ಮೊದಲು ಸಿಕ್ಕ ಮಡಕೆ ಎತ್ತಿಕೊಳ್ಳುತ್ತಾರೆ. ಉಳಿಸದೆ ಉಣ್ಣುತ್ತಾರೆ. ಮಡಕೆ ತೊಳೆದು ಬೋರಲು ಹಾಕಿ ಹೇಳುತ್ತಾರೆ:

"ಯಾರ ಒಲೆಯೋ ನಾನರಿಯೆ. ಎಲ್ಲ ಒಲೆ ಬಲ್ಲವನಿಗೆ ಸ್ತೋತ್ರ."

ಉಳಿದ ಮಡಕೆಗಳ ಅನ್ನ ದೋಣಿಕಟ್ಟೆಯ ಭಿಕ್ಷುಕರಿಗೆ ಹೋಗುತ್ತದೆ.

ಈ ಕಟ್ಟಳೆ ಎಲ್ಲೂ ಸಡಿಲವಾಗದಂತೆ ನೋಡಿಕೊಳ್ಳುವವನನ್ನು ಗುರಿಕಾರ ಎನ್ನುತ್ತಾರೆ. ಆ ಗುರಿಕಾರ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ನಿಮಗೆ ಬೇಕಿದ್ದರೆ ಸರಿಯಾದವನ ಬಳಿಗೇ ಬಂದಿದ್ದೀರಿ.

ಕಟ್ಟಳೆ ಮಡಕೆಯ ಹೊರಗಿನದನ್ನು ಹೇಳಿತ್ತು, ಒಳಗಿನದನ್ನು ಹೇಳಿರಲಿಲ್ಲ. ಅಜ್ಜಂದಿರು ಚಾಪೆಯ ಕೆಳಗೆ ತೂರಿದರೆ ಮೊಮ್ಮಕ್ಕಳಾದ ನಾವು ರಂಗೋಲಿಯ ಕೆಳಗೆ ತೂರಿದೆವು. ಮೊದಲು ಶುರುಮಾಡಿದ್ದು ದೋಣಿಯ ಯಜಮಾನ ಎಂದು ನಾನು ಹೇಳುತ್ತೇನೆ. ಗುರಿಕಾರನೇ ಶುರುಮಾಡಿದ್ದೆಂದು ಅವನು ಹೇಳುತ್ತಾನೆ. ಅದಿರಲಿ. ಅವನ ಮನೆಯ ಮೀನುಸಾರಿಗೆ ಕಾಡಿನ ಜುಮ್ಮನಕಾಯಿ ಬಿತ್ತು. ಅದು ನಾಲಿಗೆಗೆ ತಾಗಿದರೆ ಸಂಜೆಯವರೆಗೆ ಮರೆಯುವಂಥದ್ದಲ್ಲ. ನಮ್ಮ ಮನೆಯ ಅನ್ನಕ್ಕೆ ತುಪ್ಪದಲ್ಲಿ ಹುರಿದ ಗೇರುಬೀಜ ಬಿತ್ತು. ಹಂಚಿನ ವ್ಯಾಪಾರಿಯ ಮನೆಯಿಂದ ಎಲ್ಲದಕ್ಕೂ ದಾಲ್ಚಿನ್ನಿ, ಮಜ್ಜಿಗೆಗೂ ದಾಲ್ಚಿನ್ನಿ. ಬಾವಿ ತೋಡುವವನ ಹೆಂಡತಿ ತನಗೊಂದು ಗುರುತು ಬೇಕೆಂದು ಬಂಗುಡೆ ಸಾರಿಗೆ ಏಲಕ್ಕಿ ಹಾಕಿದಳು. ಬಂಗುಡೆಗೆ ಏಲಕ್ಕಿ ಹಾಕಿದ ಊರು ಈ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಕಾರಣವಿಲ್ಲದೆ ಅಲ್ಲ. ಊಟವಾದ ಮೇಲೆ ಪಾದ್ರಿ ದಿನಕ್ಕೊಂದು ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರುತ್ತಿದ್ದರು. ದೊಡ್ಡ ಮಾತಿನ ಪ್ರಾರ್ಥನೆ ಅಲ್ಲ ಅದು. ಆದರೂ ಅವರು ಬಂದುಹೋದ ಮನೆಯಲ್ಲಿ ಅತ್ತೆ ಸೊಸೆ ಒಂದು ವಾರ ಮೆತ್ತಗೆ ಮಾತಾಡುತ್ತಿದ್ದರು, ಹಸುಗೂಸು ರಚ್ಚೆ ಬಿಟ್ಟು ಮಲಗುತ್ತಿತ್ತು. ಆ ಪ್ರಾರ್ಥನೆ ಎಲ್ಲರಿಗೂ ಬೇಕಿತ್ತು. ಯಾವ ದಿನ ಯಾವ ಮನೆಗೆ ಹೋಗುತ್ತಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ನಾವು ಒಂದು ಶಾಸ್ತ್ರವನ್ನೇ ಕಟ್ಟಿದೆವು.

ಒಂದು ದಿನ ಅವರು ನಮ್ಮ ಮಡಕೆ ಎತ್ತಿದರು. ನಮ್ಮದೆಂದು ನನಗೆ ಹೇಗೆ ತಿಳಿಯಿತು ಎನ್ನುತ್ತೀರಾ? ಹಿಂತಿರುಗಿ ನೋಡಬಾರದು ಎಂದು ಕಟ್ಟಳೆ ಇದೆ. ಸುತ್ತಿಕೊಂಡು ಬಂದು ದಾಸವಾಳದ ಬೇಲಿಯ ಹಿಂದೆ ನಿಂತು ಮುಂದೆ ನೋಡಬಾರದು ಎಂದು ಎಲ್ಲೂ ಇಲ್ಲ. ಊರಿನ ಅರ್ಧ ಜನ ದಿನಾ ಅಲ್ಲೇ ನಿಂತಿರುತ್ತಿದ್ದೆವು, ಒಬ್ಬರು ಇನ್ನೊಬ್ಬರನ್ನು ಕಾಣದವರಂತೆ. ಆ ದಿನ ಪಾದ್ರಿ ನಮ್ಮ ಮಡಕೆ ಉಂಡು ನೇರವಾಗಿ ನಮ್ಮ ಮನೆಗೇ ಬಂದರು. ನಾನು ಹೆಂಡತಿಯ ಕಡೆ ನೋಡಿದೆ, ಅವಳು ಗೇರುಬೀಜದ ಡಬ್ಬಿಯ ಕಡೆ ನೋಡಿದಳು. ಪ್ರಾರ್ಥನೆಯ ನಡುವೆ ಪಾದ್ರಿ ಒಮ್ಮೆ ತಡೆದು ಉಸಿರೆಳೆದುಕೊಂಡರು. ಅದು ತುಪ್ಪದ ನೆನಪು ಎಂದು ನಾನು ತೀರ್ಮಾನಿಸಿದೆ. ಅವರಿಗೆ ನೆಗಡಿಯಾಗಿತ್ತು ಎಂದು ಆಮೇಲೆ ತಿಳಿಯಿತು, ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು.

ಅಲ್ಲಿಂದ ತಡೆಯಿಲ್ಲ. ಏಲಕ್ಕಿಗೆ ಮದುವೆ ಕೂಡುತ್ತದೆ, ಕರಿಮೆಣಸಿಗೆ ವ್ಯಾಜ್ಯ ಮುಗಿಯುತ್ತದೆ, ಒಣಸಿಗಡಿ ಹುರಿದು ಹಾಕಿದರೆ ಬಲೆ ತುಂಬುತ್ತದೆ ಎಂದು ಮಾತು ಹುಟ್ಟಿತು. ಇಗರ್ಜಿಯ ಎದುರಿಗೆ ಒಬ್ಬ ಮಸಾಲೆ ಅಂಗಡಿ ಇಟ್ಟ. ಅವನು ಪ್ರಾಮಾಣಿಕ ಮನುಷ್ಯ. "ನಾನು ಮಾರುದು ಮೆಣಸು, ಏಲಕ್ಕಿ. ಆಶೀರ್ವಾದ ಬೇಕಾದ್ರೆ ಅಲ್ಲಿ ಕೇಳಿ" ಎಂದು ಇಗರ್ಜಿಯ ಕಡೆ ಒಂದು ಕೈ ತೋರಿಸುತ್ತಿದ್ದ. ಇನ್ನೊಂದು ಕೈಯಲ್ಲಿ ತಕ್ಕಡಿ ಇರುತ್ತಿತ್ತು. ಮುಂಬಾಗಿಲಿನಿಂದ ಒಳಗೆ ಬರಲಾಗದ ಕಾಸು ಹೀಗೆ ಅವನ ಅಂಗಡಿ ಹೊಕ್ಕು, ನಮ್ಮ ಒಲೆ ಹತ್ತಿ, ಹಿತ್ತಿಲಿನಿಂದ ಕಲ್ಲುಕಟ್ಟೆಗೆ ಬಂದು ಕುಳಿತಿತು. ಬೇರೆ ಊರುಗಳಲ್ಲಿ ಲಂಚಕ್ಕೆ ಕೈ ಚುರುಕಿರಬೇಕು, ನಮಗೆ ಸೌಟು ಸಾಕಾಯಿತು.

ಇದರಿಂದ ನಿಜವಾಗಿ ಉದ್ಧಾರವಾದವರು ದೋಣಿಕಟ್ಟೆಯ ಭಿಕ್ಷುಕರು. ಅವರು ದುಂಡಗಾದರು. ಯಾವ ಮನೆಯ ಕೈ ಯಾವುದೆಂದು ಮೂಸಿಯೇ ಹೇಳುತ್ತಿದ್ದರು. "ಗುರಿಕಾರರೇ, ಈಚೆಗೆ ತುಪ್ಪ ಹಿಡಿದು ಹಾಕ್ತಿದ್ದೀರಲ್ಲ, ಮನೆಯಲ್ಲಿ ಎಂತ ಕಷ್ಟ?" ಎಂದು ಒಬ್ಬ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ್ದುಂಟು. ನಾನು ಕಟ್ಟಳೆ ಕಾಯುವವನ ಗತ್ತಿನಲ್ಲಿ ಮುಂದೆ ನಡೆದೆ.

ಭಾನುವಾರ ಮಾತ್ರ ಎಲ್ಲರೂ ಮಂಡಿಯೂರಿ, ನಮ್ಮ ಇಗರ್ಜಿಯನ್ನು ಕಾಸಿನಿಂದ ಕಾಪಾಡಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳುತ್ತಿದ್ದೆವು. ನನ್ನ ದನಿಯೇ ಎಲ್ಲರಿಗಿಂತ ಮೇಲಿರುತ್ತಿತ್ತು.

ಹೀಗಿರುವಾಗ ಅಂಬಿಗ ಹಾಸಿಗೆ ಹಿಡಿದ. ಹೊಳೆಯ ಆ ದಡದಿಂದ ಈ ದಡಕ್ಕೆ ಊರಿನ ಮದುಮಕ್ಕಳನ್ನು, ಬಾಣಂತಿಯರನ್ನು, ಶವಗಳನ್ನು ದಾಟಿಸಿದವನು ಅವನು. ಅವನ ಹೆಂಡತಿ ಬಲೆ ಹೆಣೆಯುವವಳು. ಬಡವಿ, ಆದರೆ ಯಾರ ಮುಂದೆಯೂ ಕೈಚಾಚಿದವಳಲ್ಲ. ಒಂದು ಬೆಳಿಗ್ಗೆ ಅವಳು ನನ್ನ ಅಂಗಳಕ್ಕೆ ಬಂದು ನಿಂತಳು.

"ಗುರಿಕಾರರೇ, ಇವರಿಗೆ ಇನ್ನು ಆಗುದಿಲ್ಲ. ವೈದ್ಯರು ಕೈಬಿಟ್ರು. ಒಂದೇ ಕೇಳ್ತಾರೆ, ಪಾದ್ರಿಗಳು ಬಂದು ತಲೆ ಮೇಲೆ ಕೈಯಿಟ್ಟು ಒಂದು ಪ್ರಾರ್ಥನೆ ಹೇಳ್ಬೇಕಂತೆ. ಒಬ್ರೇ ದಾಟ್ಲಿಕ್ಕೆ ಹೆದರಿಕೆ ಆಗ್ತದಂತೆ ಅವರಿಗೆ."

"ಅಷ್ಟು ಜನರನ್ನು ದಾಟಿಸಿದವನಿಗೆ ಹೆದರಿಕೆಯಾ?" ಎಂದೆ.

"ಆಗ ಹುಟ್ಟು ಅವರ ಕೈಯಲ್ಲಿತ್ತಲ್ಲ" ಎಂದಳು.

ಇಗರ್ಜಿ ನನ್ನ ಮನೆಯಿಂದ ಕೂಗಳತೆಯಲ್ಲಿದೆ. ಎದ್ದು ಹೋಗಿ ಬಾಗಿಲು ತಟ್ಟಿ ಎರಡು ಮಾತು ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಎದ್ದು ಹೋಗಲಿಲ್ಲ, ಗಂಟಲು ಸರಿಮಾಡಿಕೊಂಡೆ.

"ಮಡಕೆ ಇಡ್ತಿದ್ದೀಯಾ?"

"ಇದ್ದ ದಿನ ಗಂಜಿ ಇಡ್ತೇನೆ."

"ಬರೀ ಗಂಜಿಯಾ ಮಾರಾಯ್ತಿ?"

"ಉಪ್ಪು ಹಾಕಿ ಇಡ್ತೇನೆ."

"ಎಲ್ಲರ ಮನೆಯ ಗಂಜಿಯೂ ಗಂಜಿಯೇ. ಗುರುತು ಸಿಗ್ಬೇಕಲ್ಲ? ಏಲಕ್ಕಿ ಹಾಕು."

"ಗಂಜಿಗೆ ಏಲಕ್ಕಿಯಾ?"

"ಬಂಗುಡೆಗೆ ಹಾಕುದಿಲ್ವಾ?"

"ನಾನೇ ಹೋಗಿ ಕರೆದ್ರೆ ಆಗ್ಲಿಕ್ಕಿಲ್ವಾ?" ಎಂದು ಕೇಳಿದಳು.

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಕೇಳಿಸಿಕೊಳ್ಳಿ. "ಛೆ ಛೆ. ನಮ್ಮ ಕೆಲಸಕ್ಕೆ ನಾವೇ ಹೋಗಿ ಕರೆಯುದು ಸ್ವಾರ್ಥ ಆಗ್ತದೆ. ಕಟ್ಟಳೆ ಯಾಕಿರುದು ಮತ್ತೆ?" ಎಂದೆ. ಅವಳು ತಲೆಯಾಡಿಸಿ ಹೋದಳು. ಒಬ್ಬ ಬಡವಿಗೆ ದಾರಿ ತೋರಿಸಿದೆನಲ್ಲ ಎಂಬ ಸಮಾಧಾನದಲ್ಲಿ ನಾನು ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಅವಳ ಬಳಿ ಕಾಸಿರಲಿಲ್ಲ. ಬಲೆ ಹೆಣೆಯುವ ಕಡ್ಡಿ ಇತ್ತು, ಅವಳ ತಾಯಿಯ ಕಾಲದ್ದು, ಹಿಡಿದು ಹಿಡಿದು ನುಣುಪಾದದ್ದು. ಅದನ್ನು ಮಸಾಲೆಯವನಿಗೆ ಕೊಟ್ಟಳು. ಅವನು ಚಿಟಿಕೆ ಏಲಕ್ಕಿ ಕಟ್ಟಿಕೊಟ್ಟ. ಅವಳು ಗಂಜಿಗೆ ಅದನ್ನು ಹಾಕಿ, ಬಿಳಿ ಬಟ್ಟೆ ಮುಚ್ಚಿ, ಕಟ್ಟೆಯ ಮೇಲೆ ಇಟ್ಟಳು. ಪಾದ್ರಿ ಕಣ್ಣು ಮುಚ್ಚಿ ಬಂದರು, ಬೇರೆ ಮಡಕೆ ಎತ್ತಿದರು, ಉಂಡರು, ತೊಳೆದರು, ಬೋರಲು ಹಾಕಿದರು. ಯಾರ ಒಲೆಯೋ ನಾನರಿಯೆ. ಮರುದಿನವೂ ಇಟ್ಟಳು. ಮರುದಿನವೂ ಬೇರೆ ಮಡಕೆ. ಮನೆಯಲ್ಲಿ ಅಂಬಿಗ ಪ್ರತಿ ಮಧ್ಯಾಹ್ನ, "ಬಂದ್ರಾ?" ಎಂದು ಕೇಳುತ್ತಿದ್ದನಂತೆ. "ನಾಳೆ ಬರ್ತಾರೆ" ಎಂದು ಇವಳು ಹೇಳುತ್ತಿದ್ದಳಂತೆ.

ಕೊನೆಗೆ ಒಂದು ದಿನ ಪಾದ್ರಿಯ ಕೈ ಅವಳ ಮಡಕೆಗೇ ಬಿತ್ತು. ಬೇಲಿಯ ಹಿಂದೆ ಅವಳು ಎರಡೂ ಕೈ ಎದೆಗೊತ್ತಿಕೊಂಡಳು. ಪಾದ್ರಿ ಉಂಡರು, ತೊಳೆದರು, ಬೋರಲು ಹಾಕಿದರು, ಬೀದಿಗಿಳಿದರು. ಇಳಿದು ಹಂಚಿನ ವ್ಯಾಪಾರಿಯ ಮನೆಯ ಕಡೆ ತಿರುಗಿದರು. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಏಲಕ್ಕಿ ಹಳೇದಿರ್ಬೇಕು" ಎಂದೆ ನಾನು.

ನನ್ನ ಶಾಸ್ತ್ರ ತಪ್ಪಿರಬಹುದೆಂದು ನನಗೆ ತೋಚಲೇ ಇಲ್ಲ. ಮನುಷ್ಯನ ತಲೆ ಇಷ್ಟು ಗಟ್ಟಿಯಾಗಿ ಯಾಕಿರುತ್ತದೆಂದು ಈಗ ಯೋಚಿಸುತ್ತೇನೆ. ತೆಂಗಿನಕಾಯಿಯನ್ನಾದರೂ ಒಡೆದರೆ ಒಳಗೆ ನೀರಿರುತ್ತದೆ.

ಆಮೇಲೆ ಅವಳ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಆದರೂ ಮರುದಿನ ಮಡಕೆ ತಂದಿಟ್ಟಳು. ಬೇಲಿಯ ಹಿಂದೆ ನನ್ನ ಪಕ್ಕಕ್ಕೇ ಬಂದು ನಿಂತು ಪಿಸುಗುಟ್ಟಿದಳು: "ಇವತ್ತು ಗುರುತು ಸಿಗದೆ ಹೋಗ್ಲಿಕ್ಕಿಲ್ಲ ಗುರಿಕಾರರೇ."

"ಎಂತ ಹಾಕಿದ್ದಿ?"

"ಉಪ್ಪು. ಮನೆಯಲ್ಲಿದ್ದದ್ದು ಅಷ್ಟೂ."

"ಅಷ್ಟೂ ಅಂದ್ರೆ?"

"ಭರಣಿಯನ್ನೇ ಬೋರಲು ಹಾಕಿದೆ."

ಪಾದ್ರಿ ಕಾರಿಕೊಳ್ಳುತ್ತಾರೆ, ವಿಚಾರಣೆಯಾಗುತ್ತದೆ, ಮಡಕೆಗೆ ಗುರುತು ಹಾಕಲು ಹೇಳಿಕೊಟ್ಟವರು ಯಾರು ಎಂಬ ಮಾತು ಬರುತ್ತದೆ. ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬಂದದ್ದು ಅಂಬಿಗನಲ್ಲ, ನನ್ನ ಗುರಿಕಾರಿಕೆ. ಅಷ್ಟು ಹೊತ್ತಿಗೆ ಗಂಟೆ ಬಾರಿಸಿತು. ಪಾದ್ರಿ ಕಣ್ಣು ಮುಚ್ಚಿ ಬಂದರು. ಬೇರೆ ಯಾವ ಮಡಕೆಗೂ ತಾಗದೆ ಅವರ ಕೈ ಅವಳ ಮಡಕೆಯ ಮೇಲೇ ಇಳಿಯಿತು.

ಅವರು ಬಟ್ಟೆ ತೆಗೆದು ಉಣ್ಣತೊಡಗಿದರು. ಮುಖ ಸಿಂಡರಿಸಲಿಲ್ಲ. ನಡುವೆ ಒಂದು ಚೊಂಬು ನೀರು ಕುಡಿದರು, ಮತ್ತೆ ಉಂಡರು, ಮತ್ತೊಂದು ಚೊಂಬು ಕುಡಿದರು. ಕೊನೆಯ ಅಗುಳೂ ಮುಗಿಯಿತು. ತೊಳೆದರು. ಬೋರಲು ಹಾಕಿದರು.

"ಯಾರ ಒಲೆಯೋ ನಾನರಿಯೆ" ಎಂದು ಅವರು ಶುರುಮಾಡುವಷ್ಟರಲ್ಲಿ ಅವಳು ಬೇಲಿಯನ್ನು ಸೀಳಿಕೊಂಡು ಒಳಗೆ ಹೋಗಿದ್ದಳು. ಸೀರೆ ಬೇಲಿಯ ಕೊಂಬೆಗೆ ಸಿಕ್ಕಿ ಹರಿದದ್ದು ಅವಳಿಗೆ ಗೊತ್ತಾಗಲಿಲ್ಲ.

"ಅದು ನಂದು ಪಾದ್ರಿಗಳೇ! ನನ್ನ ಒಲೆ! ಗುರುತು ಸಿಗ್ಲಿಲ್ವಾ? ಅಷ್ಟು ಉಪ್ಪು ಹಾಕಿದ್ದೆನಲ್ಲ!"

ಪಾದ್ರಿ ಕಣ್ಣು ಬಿಟ್ಟರು. "ಉಪ್ಪಾ? ಅದಕ್ಕೇ ಈ ಬಾಯಾರಿಕೆ" ಎಂದು ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. "ನನ್ನ ನಾಲಿಗೆಗೆ ರುಚಿ ಇಲ್ಲಮ್ಮ. ಸಣ್ಣವನಿರುವಾಗ ಒಂದು ಜ್ವರ ಬಂದಿತ್ತು. ಹೋಗುವಾಗ ರುಚಿ, ವಾಸನೆ ಎರಡನ್ನೂ ಕರ್ಕೊಂಡು ಹೋಯ್ತು. ಬಿಸಿ ಗೊತ್ತಾಗ್ತದೆ, ತಣ್ಣಗಾದದ್ದು ಗೊತ್ತಾಗ್ತದೆ. ಅಷ್ಟೇ."

ಬೇಲಿಯ ಹಿಂದಿನಿಂದ ದೋಣಿಯ ಯಜಮಾನನ ಕ್ಷೀಣವಾದ ದನಿ ಕೇಳಿತು: "ಜುಮ್ಮನಕಾಯಿಯೂ ಗೊತ್ತಾಗ್ಲಿಲ್ವಾ?"

"ಅದೆಂತದು?" ಎಂದರು ಪಾದ್ರಿ.

ಇಷ್ಟು ವರ್ಷದ ತುಪ್ಪ, ಗೇರುಬೀಜ, ದಾಲ್ಚಿನ್ನಿ ಎಲ್ಲ ಹೊಳೆಗೆ ಹುಣಸೆಹಣ್ಣು ಕಿವಿಚಿದಂತೆ ಆಗಿತ್ತು. ನನಗೆ ಅಲ್ಲೇ ನಿಂತು ನನ್ನ ನಷ್ಟ ನೆನೆಯುವ ಮನಸ್ಸಾಗಿತ್ತು, ಆದರೆ ಅವಳು ಬಿಡಲಿಲ್ಲ.

"ಹಾಗಾದ್ರೆ ನೀವು ಯಾರ ಮನೆಗೆ ಹೋಗ್ಬೇಕು ಅಂತ ನಿಮಗೆ ಗೊತ್ತಾಗುದು ಹೇಗೆ?"

"ಯಾರಾದ್ರೂ ಕರೆದ್ರೆ ಅವರ ಮನೆಗೆ ಹೋಗುದು. ಈ ಊರಲ್ಲಿ ಒಬ್ರೂ ಕರೆದವರಿಲ್ಲ. ಇವರಿಗೆ ಎಂತದೂ ಬೇಡವೇನೋ ಅಂದ್ಕೊಂಡೆ. ಯಾವ ಮನೆಯ ಬಾಗಿಲು ತೆರೆದಿದ್ದು ಕಾಣ್ತದೋ ಅಲ್ಲಿಗೆ ಹೋಗಿ ಬರ್ತಿದ್ದೆ. ಯಾಕಮ್ಮ? ನಿಮ್ಮ ಮನೆಯಲ್ಲಿ ಏನಾದ್ರೂ..."

"ನನ್ನ ಗಂಡ ಸಾಯ್ತಿದ್ದಾರೆ" ಎಂದಳು.

"ಅಯ್ಯೋ ಮಗಳೇ. ಒಂದು ಮಾತು ಹೇಳ್ಬಾರ್ದಿತ್ತಾ?"

ಅಷ್ಟೇ ಹೇಳಿ ಅವರು ಓಡಿದರು. ಪಾದ್ರಿ ಓಡುವುದನ್ನು ನಾವು ಯಾರೂ ನೋಡಿರಲಿಲ್ಲ. ಬರಿಗಾಲಲ್ಲಿ, ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಹಿಡಿದು ಓಡಿದರು. ಅವರ ಹಿಂದೆ ಅವಳು, ಅವಳ ಹಿಂದೆ ನಾವು. ಅಂಬಿಗನ ಮನೆಯ ಬಾಗಿಲು ಮುಚ್ಚಿತ್ತು. ಹೊಳೆಯ ಗಾಳಿ ರೋಗಿಗೆ ತಾಗಬಾರದೆಂದು ಅವಳು ಎಷ್ಟೋ ದಿನದಿಂದ ಮುಚ್ಚಿಯೇ ಇಟ್ಟಿದ್ದಳು.

ಒಳಗೆ ಅಂಬಿಗ ದಾಟಿಯಾಗಿತ್ತು. ಮುಖ ಬಾಗಿಲಿನ ಕಡೆಗಿತ್ತು. ಒಂದು ಕೈ ಚಾಪೆಯಿಂದ ಹೊರಗೆ, ಅವಳು ದಿನಾ ಕೂರುವ ಜಾಗದಲ್ಲಿ ಬಿದ್ದಿತ್ತು. ಆ ಜಾಗದಲ್ಲಿ ಅವಳಿರಲಿಲ್ಲ. ಅವಳು ದಾಸವಾಳದ ಬೇಲಿಯ ಹಿಂದೆ ನನ್ನ ಪಕ್ಕದಲ್ಲಿದ್ದಳು.

ಪಾದ್ರಿ ಅವನ ಹಣೆ ಮುಟ್ಟಿದರು. "ಇನ್ನೂ ಬಿಸಿ ಉಂಟಮ್ಮ. ಈಗಷ್ಟೇ ಹೊರಟಿದ್ದಾರೆ. ದೂರ ಹೋಗಿರ್ಲಿಕ್ಕಿಲ್ಲ" ಎಂದರು. ಅವನ ಕೈಯನ್ನು ಹಿಡಿದುಕೊಂಡು, ಬದುಕಿರುವವನ ಕಿವಿಯಲ್ಲಿ ಹೇಳುವಂತೆ ಬಗ್ಗಿ ಪ್ರಾರ್ಥನೆ ಹೇಳಿದರು. ಅವಳು ಇನ್ನೊಂದು ಕೈ ಹಿಡಿದಳು. ನಾವು ಅಂಗಳದಲ್ಲಿ ನಿಂತಿದ್ದೆವು. ಒಳಗೆ ಹೋಗುವ ಮುಖ ನಮಗಿರಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಏಲಕ್ಕಿಯ ಸಲಹೆ ಯಾರದೆಂದು ಅವಳು ಪಾದ್ರಿಗೆ ಹೇಳದಿದ್ದರೆ ಸಾಕಪ್ಪಾ ಎಂದು ಅನ್ನಿಸಿತು. ಅವಳು ಹೇಳಲಿಲ್ಲ. ಹೇಳಲೇ ಇಲ್ಲ.

ಮರುದಿನ ಬೆಳಿಗ್ಗೆ ಅಂಬಿಗನನ್ನು ಮಣ್ಣು ಮಾಡಿದೆವು. ಗುಂಡಿ ತೋಡುವವರ ಜೊತೆ ಪಾದ್ರಿಯೂ ಹಾರೆ ಹಿಡಿದರು. ಎಲ್ಲ ಮುಗಿಸಿ ಊರವರು ಮನೆಗೆ ಹೋದೆವು. ಮಧ್ಯಾಹ್ನದ ಗಂಟೆ ಬಾರಿಸಿತು.

ಆ ದಿನ ಕಲ್ಲುಕಟ್ಟೆಯ ಮೇಲೆ ಒಂದೇ ಒಂದು ಮಡಕೆಯೂ ಇರಲಿಲ್ಲ.

ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಅದೇ ತೋಚಿತ್ತು. ಮಸಾಲೆಯವನು ಬೆಳಿಗ್ಗೆಯೇ ಅಂಗಡಿಗೆ ಹಲಗೆ ಹಾಕಿ ಮುಚ್ಚಿದ್ದ. ದೋಣಿಕಟ್ಟೆಯಲ್ಲಿ ಭಿಕ್ಷುಕರು ಬಹಳ ವರ್ಷಗಳ ನಂತರ ಭಿಕ್ಷೆಗೆ ಹೊರಟರು. ನಾನು ಜಗಲಿಯಲ್ಲಿ ಕುಳಿತು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ. ಹೆಂಡತಿ ಒಳಗಿನಿಂದ ಬಂದಳು.

"ಮಡಕೆ ತುಂಬಿಟ್ಟಿದ್ದೇನೆ. ತಗೊಂಡು ಹೋಗುದಿಲ್ವಾ?"

"ಯಾಕೆ?" ಎಂದೆ.

ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಯಾಕೆ ಅಂದ್ರೆ? ಅವರಿಗೆ ಹಸಿವಾಗುದಿಲ್ವಾ?"

ಮಡಕೆ ಎತ್ತಿಕೊಂಡು ಹೊರಟೆ. ಬೀದಿಯಲ್ಲಿ ನಡೆಯುತ್ತ ಮನಸ್ಸು ಹಗುರವಾಯಿತು. ಇವತ್ತು ಏನೂ ಆಸೆಯಿಲ್ಲದೆ ಕೊಡುತ್ತಿದ್ದೇನೆ ಎಂದುಕೊಂಡೆ. ಇಡೀ ಊರು ಬಿಟ್ಟರೂ ಗುರಿಕಾರ ಒಬ್ಬ ಬಿಡಲಿಲ್ಲ ಎಂದುಕೊಂಡೆ. ಇದನ್ನು ಒಬ್ಬರಾದರೂ ನೋಡಬೇಕಿತ್ತು ಎಂದುಕೊಂಡೆ. ಕುಂಬಾರ್ತಿಯ ಮನೆಯ ತಿರುವಿನಲ್ಲಿ ನನ್ನ ಕಾಲು ತಾನಾಗಿ ನಿಧಾನವಾಯಿತು, ಆಮೇಲೆ ನಿಂತಿತು. ಮಡಕೆಯನ್ನು ಎಲ್ಲರಿಗೂ ಕಾಣುವಂತೆ ಹೆಗಲಿಗೇರಿಸಿ ನಾನು ಯಾರಾದರೂ ಬರಲೆಂದು ಕಾದೆ. ಉರಿಬಿಸಿಲು. ಯಾರೂ ಬರಲಿಲ್ಲ. ಕೊನೆಗೆ ದೋಣಿಕಟ್ಟೆಯ ಭಿಕ್ಷುಕನೊಬ್ಬ ಬಂದ. ಭಿಕ್ಷುಕ ನೋಡಿದರೆ ಪ್ರಯೋಜನವಿಲ್ಲ, ಅವನ ಮಾತನ್ನು ಯಾರು ಕೇಳುತ್ತಾರೆ? ಇನ್ನೂ ಕಾದೆ.

"ಗುರಿಕಾರರೇ," ಎಂದ ಅವನು ಮಡಕೆಯನ್ನು ಮುಟ್ಟಿ ನೋಡಿ, "ಅನ್ನ ತಣ್ಣಗಾಯ್ತು."

ನಾನು ಕಟ್ಟೆ ತಲುಪುವ ಹೊತ್ತಿಗೆ ಪಾದ್ರಿ ಊಟಕ್ಕೆ ಕುಳಿತಾಗಿತ್ತು. ಕಣ್ಣು ತೆರೆದೇ ಉಣ್ಣುತ್ತಿದ್ದರು. ಎದುರಿಗೆ ಬಲೆ ಹೆಣೆಯುವವಳು ನೆಲದ ಮೇಲೆ ಕುಳಿತಿದ್ದಳು. ಅವಳ ಮುಂದೆ ಮನೆಯ ಪಾತ್ರೆ, ಅವಳದೇ ಮಸಿ ಹಿಡಿದ ಪಾತ್ರೆ, ಮೇಲೆ ಬಟ್ಟೆಯೂ ಇಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರೇ ಗಂಜಿ ತಂದುಕೊಡಬೇಕು. ಅದು ಎಲ್ಲ ಊರಿನ ರೂಢಿ, ನಮ್ಮದೂ ಹೌದು. ಆ ದಿನ ನಾವು ಯಾರೂ ತಂದಿರಲಿಲ್ಲ. ಅವಳೇ ಎದ್ದು ಒಲೆ ಹೊತ್ತಿಸಿದ್ದಳು.

"ನನಗೆ ಹಸಿವಾಯ್ತು. ಇವರಿಗೂ ಆಗಿರ್ತದೆ ಅಂತ ತಂದೆ" ಎಂದಳು, ನಾನು ಏನೂ ಕೇಳದಿದ್ದರೂ.

"ಬನ್ನಿ ಗುರಿಕಾರರೇ, ಕೂತ್ಕೊಳ್ಳಿ. ಊಟ ಆಯ್ತಾ?" ಎಂದರು ಪಾದ್ರಿ.

ನಾನು ಮಡಕೆಯನ್ನು ಬೆನ್ನ ಹಿಂದೆ ಇಟ್ಟು ಕುಳಿತೆ. ಅವಳು ಒಂದು ಬಟ್ಟಲಿಗೆ ಗಂಜಿ ಹಾಕಿ ನನ್ನ ಮುಂದೆ ಇಟ್ಟಳು. ಯಾವ ಕೋಪವೂ ಇಲ್ಲದೆ ಇಟ್ಟಳು. ಕೋಪವಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಹೇಗುಂಟು ಹೇಳಿ. ಬಿಸಿ ಉಂಟು ಅಂತ ಮಾತ್ರ ನಾನು ಹೇಳಬಲ್ಲೆ" ಎಂದರು ಪಾದ್ರಿ.

ಒಂದು ಗುಟುಕು ಕುಡಿದೆ. ಅದರಲ್ಲಿ ಒಂದು ಹರಳು ಉಪ್ಪೂ ಇರಲಿಲ್ಲ. ನಾನು ತಲೆ ಎತ್ತಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ಉಪ್ಪಿಲ್ಲ ಗುರಿಕಾರರೇ. ಮನೆಯಲ್ಲಿ ಇಲ್ಲ" ಎಂದಳು ಮೆತ್ತಗೆ, ತಪ್ಪು ತನ್ನದೆಂಬಂತೆ.

ಗಂಜಿ, ಉಪ್ಪು ಬಿಟ್ಟು ಬೇರೇನೂ ಇಲ್ಲದ ಮನೆಗೆ ಏಲಕ್ಕಿ ಹೇಳಿಕೊಟ್ಟವನು ನಾನು. ಬಟ್ಟಲು ಕೆಳಗಿಟ್ಟು ಎದ್ದೆ. ಬಿಸಿಲಿನಲ್ಲಿ ಓಡಿದೆ, ನನ್ನ ಈ ಹೊಟ್ಟೆ ಹೊತ್ತುಕೊಂಡು ಓಡಿದೆ. ಮನೆಗೆ ಹೋಗಿ ಉಪ್ಪಿನ ಭರಣಿಯನ್ನೇ ತಬ್ಬಿಕೊಂಡು ಅದೇ ಬೀದಿಯಲ್ಲಿ ವಾಪಸ್ಸು ಓಡಿ ಬಂದೆ. ಬೀದಿಯಲ್ಲಿ ಜನ ಇದ್ದರೋ ಇಲ್ಲವೋ, ಯಾರಾದರೂ ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ನೋಡುವುದನ್ನೇ ಮರೆತಿದ್ದೆ. ನನ್ನ ಆಯುಷ್ಯದಲ್ಲಿ ಹಾಗೆ ಮರೆತದ್ದು ಅದೊಂದೇ ಸಲ.

ಅದನ್ನೂ ಈಗ ನಿಮಗೆ ಹೇಳಿಬಿಟ್ಟೆನಲ್ಲ. ಅಲ್ಲಿಗೆ ಅದೂ ಹೋಯಿತು.